ಗುಡಿಸದ ನೆಲ

ತಿಕೋಟಾದ ಮಲಂಗಸಾಬ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ದುಡಿಯುವಾಗ, ಮಗಳು ತಬಸ್ಸುಮ ಹಿಂದಿನ ಬೇವಿನ ಗಿಡದ ಕೆಳಗೆ ಮಲಗುತ್ತಿದ್ದಳು. ಸುತ್ತ ನೆಲವೆಲ್ಲ ಕಾದ ಹಂಚು. ಅಲ್ಲಿ ಮಾತ್ರ ಉದುರಿದ ಎಲೆಯ ಹಾಸಿಗೆ, ಬೆನ್ನಿಗೆ ತಂಪು. ಆ ತಂಪು ಎಲ್ಲಿಂದ ಬರುತ್ತದೆ ಎಂಬುದೊಂದನ್ನೇ ಹಿಡಿದು ಓದಿದಳು, ಕಾಡಿನ ವಿಜ್ಞಾನಿಯಾದಳು, ತಲೆ ನರೆಯಿತು. ವಿಜಯಪುರದ ಮಂದಿ ನಗುತ್ತಿದ್ದರು:

"ನಮ್ಮಲ್ಲಿ ಕಾಡ ಎಲ್ಲೈತ್ರಿ ಬಾಯಾರ?"

"ಬೆಳಸಾಕತ್ತೇನಿ, ತಡೀರಿ."

ಬೆಳೆಸಿದ್ದು ಭೂತನಾಳ ಕೆರೆಯ ಮಗ್ಗುಲಿನ ತುಂಡು ನೆಲದಲ್ಲಿ. ಬೇವು, ಬನ್ನಿ, ಜಾಲಿ. ಟ್ಯಾಂಕರ್ ನೀರು ಹಾಕಿಸಲಿಲ್ಲ. ಬಿದ್ದ ಎಲೆಯನ್ನು ಬಿದ್ದಲ್ಲೇ ಬಿಟ್ಟಳು. ಹನ್ನೆರಡು ವರ್ಷ ಎಲೆಯ ಮೇಲೆ ಎಲೆ ಬಿತ್ತು. ಮಧ್ಯಾಹ್ನ ಅಲ್ಲಿ ಕೂತರೆ ಕಣ್ಣು ತಾನೇ ಮುಚ್ಚುತ್ತಿತ್ತು. ಕೆಳಗೆ ನೆಲ ಮೆಲ್ಲಗೆ ಉಸಿರಾಡಿದಂತಾಗಿ, ಇದು ಭೂತನಾಳವೋ ತಿಕೋಟಾದ ಶೆಡ್ಡಿನ ಹಿಂದಿನ ನೆರಳೋ ತಿಳಿಯುತ್ತಿರಲಿಲ್ಲ.

ಈಗ ಅಲ್ಲಿ ಫರಸಿ ಕಲ್ಲು ಹಾಸಿ, ಬೆಂಚು ಹಾಕಿ ಪಾರ್ಕು ಮಾಡುವ ಮಾತೆದ್ದಿತ್ತು. ಸಂಗನಬಸವ ಎಂಬ ಮೇಲಧಿಕಾರಿ ನೋಡಿ ತೀರ್ಮಾನಿಸಬೇಕು. ಎಲೆಯಡಿ ಬೇಸಿಗೆಯಲ್ಲೂ ಹಸಿ ಉಳಿಯುತ್ತದೆಂದು ತೋರಿಸಿದರೆ ಕಾಡು ಉಳಿದೀತು. ಇಲ್ಲದಿದ್ದರೆ ಇಲ್ಲ.

ಬಬಲೇಶ್ವರದ ಕಡೆ ಹೊಲದ ಬದುವಿನ ಗಿಡ ನೋಡಲು ಹೋಗಿದ್ದ ತಬಸ್ಸುಮ, ವಾರದ ಮೇಲೆ ಅಧಿಕಾರಿ ಬರುವ ದಿನವೇ ಬಂದಳು. ನೋಡಿದರೆ ನೆಲ ಅಂಗಳದಂತೆ ಬೋಳು. ಬೇಲಿಯ ಬಳಿ ಎಲೆಯ ಗುಡ್ಡೆ. ಪಕ್ಕದಲ್ಲಿ ಹೊಸ ದಿನಗೂಲಿ ಕಾಳವ್ವ, ಕೈಯಲ್ಲಿ ಕಸಬರಿಗೆ.

"ಏನ ಮಾಡ್ದಿ ಬೇ ಕಾಳವ್ವ?"

"ಸಾಹೇಬ್ರ ಬರ್ತಾರಲ್ರಿ. ಹೊಲಸ ನೋಡಿ ನಿಮಗ ಬೈಬಾರದಂತ, ನೀವು ಹೋದ ದಿನಾನ ಚೊಕ್ಕ ಗುಡಿಸೇನ್ರಿ."

ಬೈಗುಳ ನಾಲಿಗೆಯ ತನಕ ಬಂದು ಒಣಗಿತು. ಎರೆಮಣ್ಣು ಆಗಲೇ ಬಿರುಕು ಬಿಟ್ಟಿತ್ತು.

ಜೀಪಿನಿಂದಿಳಿದ ಸಂಗನಬಸವ ಬೂಟಿನಿಂದ ನೆಲ ಕೆದರಿದ. "ಹಸಿ ಎಲ್ಲೈತ್ರಿ ಮೇಡಂ?"

ತಬಸ್ಸುಮ ನಿದ್ದೆಗಣ್ಣಿನವಳ ಹಾಗೆ ಗಿಡಗಳ ನಡುವೆ ನಡೆದಳು. ಬನ್ನಿಯ ಬುಡದಲ್ಲಿ ಕಾಲು ಮೆತ್ತಗೆ ಹೂತಿತು. ಎಲೆ! ಹನ್ನೆರಡು ವರ್ಷದ ಎಲೆ ಇದ್ದ ಹಾಗೇ ಇತ್ತು. ನಡುವೆ ಯಾರೋ ಅರಿಷಿಣ ಹಚ್ಚಿಟ್ಟ ಕಲ್ಲು.

"ಇಲ್ಲಿ ಯಾಕ ಗುಡಿಸಿಲ್ಲ?" ತಬಸ್ಸುಮ ಕೇಳಿದಳು.

"ಅವ್ವ ಕುಂತಾಳಲ್ರಿ! ಆಕಿಗೆ ಕಸಬರಿಗಿ ತೋರಸ್ತಾರೇನ?" ಕಾಳವ್ವ ಗಲ್ಲ ಬಡಿದುಕೊಂಡಳು.

"ಸರ್, ಕೈ ಹಾಕ್ರಿ ಇಲ್ಲಿ."

ಸಂಗನಬಸವನ ಕೈ ಮಣಿಕಟ್ಟಿನವರೆಗೆ ಎಲೆಯೊಳಗೆ ಹೋಯಿತು. ಹೊರಬಂದಾಗ ಮುಷ್ಟಿಯಲ್ಲಿ ಕರಿ ಮಣ್ಣು, ಹಸಿ. ಆತ ಅದನ್ನು ಕೊಡವಲಿಲ್ಲ, ಮೂಸಿ ನೋಡಿದ. ಕೆರೆಯ ಗಾಳಿ ಬಂತು.

"ಮಳಿ ವಾಸನಿ ಬರಾಕತ್ತೈತಲ್ರಿ," ಅಂದ ಕಡೆಗೆ. "ಬೆಂಚ ಗೇಟಿನ ಹೊರಗ ಹಾಕ್ಸೂಣ ಬಿಡ್ರಿ."

ಜೀಪು ಹೋದ ಮೇಲೆ ಕಾಳವ್ವ ಕೇಳಿದಳು: "ಬಾಯಾರ, ಎಲ್ಲಾ ಗಿಡದ ಬುಡಕ್ಕೂ ಒಂದೊಂದ ಕಲ್ಲ ಇಡ್ಲೇನ್ರಿ?"

"ಬ್ಯಾಡ ನಮ್ಮವ್ವಾ. ಕಲ್ಲಿಟ್ರ ಗುಡಿ ಕಟ್ಟತಾರ, ಗುಡಿ ಕಟ್ಟಾಕ ಗಿಡ ಕಡೀತಾರ."

ಕಾಳವ್ವ ಸೆರಗಿನಲ್ಲಿ ಎಲೆ ತುಂಬಿ ತಂದು ಸುರಿಯತೊಡಗಿದಳು. ಹೀಗೆ ಸುರಿದರೆ ಹೋದ ಹನ್ನೆರಡು ವರ್ಷ ಬರುವುದಿಲ್ಲ. ತಬಸ್ಸುಮಳಿಗೆ ಅದು ಗೊತ್ತು. ಆಕೆಯೂ ಬುಟ್ಟಿ ಎತ್ತಿಕೊಂಡಳು.