ಪಟದ ದೀಪದ ವಯರು

ಮಳೆಗಾಲದ ಎರಡು ತಿಂಗಳು ಮಲ್ಪೆ ಬಂದರಿನ ಧಕ್ಕೆಯಲ್ಲಿ ಮೀನಿನ ಬೋಟುಗಳು ಸುಮ್ಮನೆ ನಿಲ್ಲುತ್ತವೆ. ಆಗ ಜಿತೇಶನ ಬೋಟಿನ ಬ್ಯಾಟರಿ ನೋಡಿಕೊಳ್ಳುವುದು ದೇವದಾಸನ ಕೆಲಸ, ಇಪ್ಪತ್ತೆರಡು ವರ್ಷದಿಂದ. ಮೇನ್ ಸ್ವಿಚ್ ಆರಿಸಿ, ತಳಕ್ಕೆ ಇಳಿದ ನೀರನ್ನು ಹೊರಹಾಕುವ ಪಂಪಿಗೆ ಮಾತ್ರ ಕರೆಂಟು ಬಿಟ್ಟು, ದಿನ ಬಿಟ್ಟು ದಿನ ಹೋಗಿ ನೋಡಿ ಬರುತ್ತಿದ್ದ. ಬ್ಯಾಟರಿ ಇಳಿದರೆ ಪಂಪು ನಿಂತೀತು. ಪಂಪು ನಿಂತರೆ ಬೋಟು ಕಟ್ಟಿದಲ್ಲೇ ಮುಳುಗೀತು.

ಈ ವರ್ಷ ಜಿತೇಶ್ ಆ ಕೆಲಸವನ್ನು ಕಲ್ಯಾಣಪುರದ ಡೆನ್ವರನಿಗೆ ಕೊಟ್ಟ. ಡೆನ್ವರ್ ದುಬೈಯಲ್ಲಿ ಬೋಟುಗಳ ವಯರಿಂಗ್ ಮಾಡಿ ಬಂದವನು. ಬೋಟಿನ ಕ್ಯಾಬಿನಿನ ಮಾಡಿನ ಮೇಲೆ ಸೋಲಾರ್ ಹಲಗೆ ಕೂರಿಸಿದ. ಒಂದೊಂದು ವಯರಿಗೆ ಒಂದೊಂದು ಬಣ್ಣದ ಟೇಪು ಸುತ್ತಿದ. ಆ ಟೇಪು ಕಂಡರೂ ದೇವದಾಸನ ಹೊಟ್ಟೆ ಉರಿಯುತ್ತಿತ್ತು.

“ಆಷಾಢದಲ್ಲಿ ಸೋಲಾರ್ ಅಂತೆ,” ಎಂದ ಊಟಕ್ಕೆ ಕೂತು.

“ಅವನ ಹೆಸರೆತ್ತದೆ ನೀವು ಒಂದು ಹೊತ್ತು ಉಣ್ಣಿ, ನೋಡುವ,” ಎಂದಳು ಹೆಂಡತಿ ಚಂಪಾ.

ಬೋಟಿನ ಕ್ಯಾಬಿನಿನಲ್ಲಿ ದೇವಿಯ ಪಟ, ಅದಕ್ಕೆ ಎರಡು ಕೆಂಪು ಬಲ್ಬು. ದೇವರ ದೀಪ ಯಾರ ಕೈಯಿಂದಲೂ ಆರಬಾರದೆಂದು ಅದರ ವಯರನ್ನು ದೇವದಾಸನೇ ಹಿಂದೆ ನೇರ ಬ್ಯಾಟರಿಗೆ ಸೇರಿಸಿದ್ದ. ಮೇನ್ ಸ್ವಿಚ್ ಆರಿಸಿದರೂ ಅದು ಉರಿಯುತ್ತಲೇ ಇದ್ದು ಬ್ಯಾಟರಿ ತಿನ್ನುತ್ತದೆ. ಅದಕ್ಕೇ ಪ್ರತಿ ಮಳೆಗಾಲ ವಯರು ಬಿಚ್ಚಿ, ಪಟವನ್ನು ಮನೆಗೆ ತರುತ್ತಿದ್ದ. ಈ ಸಲ ಯಾರೂ ತರಲಿಲ್ಲ. ಧಕ್ಕೆಯಿಂದ ನೋಡಿದರೆ ಕಿಟಕಿಯಲ್ಲಿ ಕೆಂಪು ಕಾಣುತ್ತಿತ್ತು.

ಮಳೆ ನಾಲ್ಕು ದಿನ ಬಿಡಲಿಲ್ಲ. ದೇವದಾಸ ದಿನಾ ಹೋಗಿ ನೋಡಿದ, ಯಾರಿಗೂ ಹೇಳಲಿಲ್ಲ. ಡೆನ್ವರನ ಕೆಲಸ ಎಂಥದೆಂದು ಜಿತೇಶನಿಗೆ ಗೊತ್ತಾಗಲಿ ಎಂದುಕೊಂಡ. ಮೂರನೆಯ ದಿನ ಕೆಂಪು ಮಂಕಾದಾಗ ಒಳಗೊಳಗೇ ಸುಖವಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಕಿಟಕಿ ಕತ್ತಲು. ಬೋಟಿನ ಹಿಂಭಾಗ ಒಂದು ಗೇಣು ತಗ್ಗಿತ್ತು. ಆ ಬೋಟಿನ ಒಂದೊಂದು ಹಲಗೆಯೂ ಅವನಿಗೆ ಗೊತ್ತು. ಕಾಲು ತಾನಾಗಿ ಹತ್ತಿತು. ಡೆನ್ವರನಿಗೆ ಫೋನ್ ಮಾಡಿ, ಬಕೆಟ್ ಹಿಡಿದು ನೀರು ಮೊಗೆಯತೊಡಗಿದ.

ಡೆನ್ವರ್ ಬೇರೆ ಬ್ಯಾಟರಿ ಹೊತ್ತು ಓಡಿಬಂದ. “ದೀಪ ಕಂಡಿತ್ತು, ದೇವದಾಸಣ್ಣ. ನಾನು ಕ್ರಿಶ್ಚಿಯನ್, ಇಗರ್ಜಿಗೆ ಹೋಗುವವ, ನಿಮ್ಮ ದೇವರ ಪಟ ಮುಟ್ಟುವುದು ಹೇಗೆ? ಸಣ್ಣ ಬಲ್ಬಲ್ವಾ ಅಂತ ಬಿಟ್ಟೆ.” ಅಲ್ಲೇ ಜಿತೇಶನಿಗೆ ಫೋನ್ ಹಚ್ಚಿದ. “ತಪ್ಪು ನನ್ನದು. ದೇವದಾಸಣ್ಣ ನೋಡಿದ್ದರಿಂದ ಬೋಟ್ ಉಳಿಯಿತು.”

ಬೈದಿದ್ದರೆ ದೇವದಾಸ ತಡೆದುಕೊಳ್ಳುತ್ತಿದ್ದ. ಹೀಗೆ ಒಪ್ಪಿಕೊಳ್ಳಲು ತನಗೆ ಎಂದೂ ಬಂದದ್ದಿಲ್ಲ. ಆ ದೊಡ್ಡತನವೂ ಇವನ ಪಾಲಿಗೇ ಹೋಯಿತಲ್ಲ ಎನಿಸಿತು.

“ನಾಲ್ಕು ದಿನದಿಂದ ನೋಡ್ತಾ ಇದ್ದೆ ಮಾರಾಯ,” ಎಂದ. “ಗೊತ್ತಿದ್ದೇ ಹೇಳಲಿಲ್ಲ.”

ಡೆನ್ವರ್ ಬಗ್ಗಿ ಹಳೆಯ ಬ್ಯಾಟರಿಯ ವಯರು ಬಿಚ್ಚಿದ. ಮಳೆ ಹೊಯ್ಯುತ್ತಿತ್ತು.

“ನಿಮ್ಮ ಜಾಗದಲ್ಲಿ ನಾನಾದರೂ ಹೇಳುತ್ತಿದ್ದೆನೋ ಏನೋ, ಗೊತ್ತಿಲ್ಲ,” ಎಂದ. “ಈಗ ಟಾರ್ಚ್ ಹಿಡಿಯಿರಿ.”

ದೇವದಾಸ ಟಾರ್ಚ್ ಹಿಡಿದ. ಒದ್ದೆ ಕೈಯಲ್ಲೂ ಡೆನ್ವರ್ ಪಂಪಿನ ವಯರನ್ನು ಒಂದೇ ಸಲಕ್ಕೆ ಸರಿಯಾಗಿ ಕೂರಿಸಿದ. ದೇವದಾಸನಿಗೆ ಅದನ್ನು ನೋಡಲಾಗಲಿಲ್ಲ. ಬೆಳಕನ್ನು ಮಾತ್ರ ಅಲುಗದಂತೆ ಹಿಡಿದುಕೊಂಡ.