ಎದೆಲ್ಮಿರಾಳ ಬೀರು

ಚುರುಟನ್ನು ಮನೆಯಲ್ಲಿ ಎಂಥ ಪೆಟ್ಟಿಗೆಯಲ್ಲಿ ಇಡಬೇಕು ಎಂದು ಕೇಳಿಕೊಂಡು ಬಂದವರಿಗೆಲ್ಲ ರೆಂಬೆರ್ತೊ ಒಂದೇ ಮಾತು ಹೇಳುತ್ತಿದ್ದ. ಸೀಡರ್ ಮರದ್ದಾಗಿರಬೇಕು, ಒಳಗೆ ವಾರ್ನಿಷ್ ಸೋಕಿರಬಾರದು, ಬೇರೆ ಯಾವ ವಾಸನೆಯೂ ಸುಳಿಯಬಾರದು. ಹೊಗೆಸೊಪ್ಪಿಗೆ ನಾಚಿಕೆಯೆಂಬುದೇ ಇಲ್ಲ, ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಂಡುಬಿಡುತ್ತದೆ ಎನ್ನುತ್ತಿದ್ದ. ಹವಾನಾದ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ಚುರುಟು ಸುತ್ತಿದವನ ಮಾತು, ಯಾರು ಎದುರಾಡುತ್ತಾರೆ?

ಇಷ್ಟೆಲ್ಲ ಉಪದೇಶ ಮಾಡುವ ಈ ಮಹಾನುಭಾವ ತನ್ನ ಸ್ವಂತ ಇಪ್ಪತ್ತೈದು ಚುರುಟುಗಳನ್ನು ಎಲ್ಲಿ ಇಟ್ಟಿದ್ದ ಗೊತ್ತೇ? ತೀರಿಕೊಂಡ ಹೆಂಡತಿಯ ಬಟ್ಟೆಯ ಬೀರುವಿನಲ್ಲಿ, ಅವಳ ಹಸಿರು ಶಾಲಿನ ಮಡಿಕೆಯೊಳಗೆ, ವಯಲೆಟ್ ಹೂವಿನ ಅತ್ತರಿನ ಸೀಸೆಗೆ ಅಂಟಿಕೊಂಡಂತೆ! ತಿಳಿಯದೆ ಇಟ್ಟದ್ದಲ್ಲ, ಬೇಕೆಂದೇ ಇಟ್ಟದ್ದು.

ಅದಕ್ಕೊಂದು ಹಿನ್ನೆಲೆಯಿದೆ. ನಮ್ಮೂರಲ್ಲಿ ಕೂಸಿಗೆ ಸ್ನಾನ ಮಾಡಿಸಿದ ಮೇಲೆ ತಲೆಗೆ ನಾಲ್ಕು ಹನಿ ವಯಲೆಟ್ ಅತ್ತರು ಹಚ್ಚುತ್ತಾರೆ. ದೊಡ್ಡವರಾದ ಮೇಲೆ ಎಲ್ಲರೂ ಬಿಡುತ್ತಾರೆ, ಎದೆಲ್ಮಿರಾ ಮಾತ್ರ ಬಿಡಲಿಲ್ಲ. ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಚುರುಟಿನ ಹೊರಸುತ್ತಿನ ಎಲೆ ಆರಿಸುವ ಕೆಲಸ ಅವಳದು. ಒಳಗೆ ಅತ್ತರು ಹಚ್ಚಿಕೊಂಡು ಬರಬಾರದು ಎಂದು ಬಾಗಿಲಲ್ಲೇ ದೊಡ್ಡಕ್ಷರದಲ್ಲಿ ಬರೆದಿತ್ತು. ಅವಳು ಅದನ್ನು ಓದಿಕೊಂಡೇ, ಕಿವಿಯ ಹಿಂದೆ ಎರಡು ಹನಿ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ಅವಳು ಆರಿಸಿದ ಎಲೆಯಿಂದ ಸಿಕ್ಕಿಬಿದ್ದವನು ಮಾತ್ರ ರೆಂಬೆರ್ತೊ. ಆಗ ಅವನಿಗೆ ಇಪ್ಪತ್ತಮೂರು. ತಪಾಸಣೆಯ ಎವೆಲಿಯೊ ಎಂಬವನು ಪ್ರತಿ ಕಟ್ಟಿನಿಂದ ಕೆಲವು ಚುರುಟು ಎಳೆದು, ಹಿಸುಕಿ, ಮೂಸಿ, ಕೆಟ್ಟಿದ್ದರೆ ಅಲ್ಲೇ ಎರಡು ಹೆಬ್ಬೆರಳು ಒತ್ತಿ ಲಟಕ್ಕನೆ ಮುರಿದು ಹಾಕುವವನು. ಅವನ ಮೂಗಿಗೆ ಇಡೀ ಕಾರ್ಖಾನೆ ಹೆದರುತ್ತಿತ್ತು. ಆ ದಿನ ರೆಂಬೆರ್ತೊನ ಕಟ್ಟಿನಲ್ಲಿ ಒಂದಲ್ಲ ಎರಡಲ್ಲ, ಏಳು ಮುರಿದ. ಎತ್ತರದ ಪೀಠದಲ್ಲಿ ಕೂತು ಕೆಲಸಗಾರರಿಗೆ ಪತ್ರಿಕೆ ಓದಿ ಹೇಳುವವನು ಕೂಡ ಓದು ನಿಲ್ಲಿಸಿದ.

"ಲೋ, ಇದೇನು ಚುರುಟೋ, ಬಾಣಂತಿ ಕೋಣೆಯೋ?" ಎಂದು ಎವೆಲಿಯೊ ಕೂಗಿದ.

ಓದು ಚೆನ್ನಾಗಿದ್ದರೆ ಎಲೆ ಕತ್ತರಿಸುವ ಬಾಗುಚಾಕುವನ್ನು ಹಲಗೆಗೆ ಬಡಿದು ಮೆಚ್ಚುಗೆ ತೋರಿಸುವುದು ಅಲ್ಲಿನ ಪದ್ಧತಿ. ಅಂದು ಇನ್ನೂರು ಚಾಕು ರೆಂಬೆರ್ತೊನ ಮಾನ ಹೋದದ್ದಕ್ಕೆ ಬಡಿದವು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಈ ಎಲೆ ಆರಿಸಿದವರನ್ನು ಇವತ್ತು ಬಿಡುವುದಿಲ್ಲ ಎಂದು ದಡದಡ ಮೆಟ್ಟಿಲು ಹತ್ತಿದ. ಇಳಿದು ಬರುವಾಗ ಭಾನುವಾರ ಎದೆಲ್ಮಿರಾಳನ್ನು ಸಮುದ್ರದ ಕಟ್ಟೆಯ ಮೇಲೆ ಕಾಯುವುದಾಗಿ ಒಪ್ಪಿಕೊಂಡು ಬಂದಿದ್ದ. ಬಿಡುವುದಿಲ್ಲ ಅಂದವನು ನಿಜಕ್ಕೂ ಬಿಡಲಿಲ್ಲ, ಅಷ್ಟು ಮಟ್ಟಿಗೆ ಮಾತಿನ ಮನುಷ್ಯ.

ಇಬ್ಬರೂ ನಿವೃತ್ತರಾದ ಮೇಲೆ, ಮದುವೆಯ ಐವತ್ತನೇ ವರ್ಷಕ್ಕೆಂದು ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತೈದು ಚುರುಟು ಮಾಡಿದರು. ಅವಳು ಎಲೆ ಆರಿಸಿದಳು, ಅವನು ಸುತ್ತಿದ. "ಇಲ್ಲಿ ಯಾವ ಎವೆಲಿಯೊನೂ ಇಲ್ಲ" ಎಂದು ನಗುತ್ತ ಅವಳು ಕಿವಿಯ ಹಿಂದೆ ಧಾರಾಳವಾಗಿ ಹಚ್ಚಿಕೊಂಡಿದ್ದಳು. ಆ ದಿನಕ್ಕೆ ಇನ್ನು ನಾಲ್ಕು ತಿಂಗಳಿದೆ ಎನ್ನುವಾಗ ಹೋಗಿಬಿಟ್ಟಳು. ಅವನು ಒಂದನ್ನೂ ಸೇದಲಿಲ್ಲ. ಬೀರುವಿನಲ್ಲಿಟ್ಟು, ಪ್ರತಿ ಭಾನುವಾರ ಬಾಗಿಲು ತೆಗೆದು, ಶಾಲಿನೊಳಗೆ ಮೂಗು ತೂರಿಸಿ ನಿಲ್ಲುತ್ತಿದ್ದ. ಅಲ್ಲಿ ಅವಳು ಇರುತ್ತಿದ್ದಳು.

ಎರಡು ವರ್ಷದ ಹಿಂದೆ ಬಂದ ಜ್ವರ ಅವನ ಮೂಗನ್ನು ತೆಗೆದುಕೊಂಡು ಹೋಯಿತು. ಕಾಫಿ ಬರೀ ಬಿಸಿನೀರಾಯಿತು. ಆದರೂ ಭಾನುವಾರದ ಪದ್ಧತಿ ಬಿಡಲಿಲ್ಲ. ನನಗೆ ಗೊತ್ತಾಗದಿದ್ದರೇನು, ವಾಸನೆ ಅಲ್ಲೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ.

ಈ ವರ್ಷ ಬೀರುವಿಗೆ ಗೆದ್ದಲು ಹಿಡಿಯಿತು. ಕಾಲು ನಾಲ್ಕೂ ಪುಡಿಪುಡಿ. ಮಗಳು ಯಾಮಿಲ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಪ್ಪಾ, ಇದನ್ನ ಈ ವಾರ ಆಚೆ ಹಾಕ್ಲೇಬೇಕು. ಇವತ್ತು ಬೀರು, ನಾಳೆ ಸೂರು. ತಲೆ ಮೇಲೆ ಬಿದ್ಮೇಲೆ ಬುದ್ಧಿ ಬರುತ್ತಾ?"

"ಚುರುಟು ಎಲ್ಲಿಡ್ಲಿ?"

"ಅದಕ್ಕೇ ಇದನ್ನ ತರಿಸಿದೀನಿ ನೋಡು."

ಮ್ಯಾಡ್ರಿಡ್‌ನಲ್ಲಿರುವ ಗೆಳತಿಯ ಕೈಯಲ್ಲಿ ತರಿಸಿದ ಪೆಟ್ಟಿಗೆ. ಮುಖ ಕಾಣುವಷ್ಟು ಹೊಳಪು, ಒಳಗೆ ಹೊಸ ಸೀಡರ್ ಹಲಗೆ, ಮುಚ್ಚಳದಲ್ಲಿ ತೇವ ತೋರಿಸುವ ಮುಳ್ಳು. ರೆಂಬೆರ್ತೊ ಮುಚ್ಚಳವನ್ನು ತೆಗೆದ, ಹಾಕಿದ, ಸಂದಿಗೆ ಕಾಗದ ತೂರಿಸಿ ಎಳೆದು ನೋಡಿದ. ಕಾಗದ ಬರಲಿಲ್ಲ. ಅಷ್ಟು ಬಿಗಿ.

"ಪೆಟ್ಟಿಗೆ ತುಂಬಾ ಚೆನ್ನಾಗಿದೆ ಮಗಳೇ. ಅದೇ ತೊಂದರೆ."

"ಚೆನ್ನಾಗಿರೋದು ತೊಂದರೆನಾ?"

"ಹೊಸ ಸೀಡರ್ ಕಣೇ ಇದು. ಮೂರು ತಿಂಗಳಲ್ಲಿ ಬೇರೆ ವಾಸನೆ ಎಲ್ಲ ನುಂಗಿ ನೀರು ಕುಡಿಯುತ್ತೆ. ನಿಮ್ಮಮ್ಮನ್ನೂ."

ಯಾಮಿಲ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ಆ ಬೀರು ಕೂಡ ಸೀಡರ್ ಮರದ್ದೇ. ಐವತ್ತು ವರ್ಷ ಅವಳ ಬಟ್ಟೆಯ ವಾಸನೆ ಕುಡಿದ ಮರ. ಕೆಳಗಿನ ಬೀದಿಯ ಬಡಗಿ ಓಸ್ಮಾನಿ ಬಂದು ಬಿಚ್ಚಿದಾಗ, ಒಂದು ಬಾಗಿಲು ಮತ್ತು ಹಿಂಬದಿಯ ಮೂರು ಹಲಗೆ ಮಾತ್ರ ಗಟ್ಟಿಯಾಗಿದ್ದವು. ಅದರಲ್ಲೇ ಒಂದು ಪೆಟ್ಟಿಗೆ ಮಾಡಿಕೊಡು ಎಂದ ರೆಂಬೆರ್ತೊ. ಓಸ್ಮಾನಿ ನಾಲ್ಕು ದಿನದಲ್ಲಿ ಅಚ್ಚುಕಟ್ಟಾಗಿ ಕೂಡಿಸಿದ. ಐದನೇ ದಿನ ಇವನು ಹೋಗಿ ನೋಡುತ್ತಾನೆ, ಆ ಪುಣ್ಯಾತ್ಮ ವಾರ್ನಿಷ್ ಡಬ್ಬಿಯಲ್ಲಿ ಕುಂಚ ಅದ್ದಿ, ಪೆಟ್ಟಿಗೆಯೊಳಗೆ ಕೈ ಹಾಕುತ್ತಿದ್ದಾನೆ!

"ಅಯ್ಯೋ ಪಾಪಿ! ತೆಗಿಯೋ ಕೈನ!"

"ಒಳಗೂ ಹೊಳೀಲಿ ಅಂತ ತಾತ..."

"ಹೊಳೀಬೇಕಾಗಿರೋದು ನಿನ್ನ ತಲೆ! ಅದರೊಳಗೆ ನನ್ನ ಹೆಂಡ್ತಿ ಇದಾಳೆ ಕಣೋ!"

ಓಸ್ಮಾನಿ ಹೆದರಿ ಡಬ್ಬಿಯ ಮುಚ್ಚಳ ಹಾಕಿದ. ಮುದುಕನಿಗೆ ಅರಳುಮರಳು ಎಂದು ಆಮೇಲೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ.

ರೆಂಬೆರ್ತೊ ಪೆಟ್ಟಿಗೆಯಲ್ಲಿ ಚುರುಟುಗಳನ್ನು ಜೋಡಿಸಿ, ತೇವಕ್ಕೆಂದು ಮೂಲೆಯಲ್ಲಿ ಒದ್ದೆ ಬಟ್ಟೆ ತುಂಬಿದ ಸಣ್ಣ ಲೋಟ ಇಟ್ಟ. ಆಗ ಶುರುವಾಯಿತು ಸಂಕಟ. ಎರಡು ವರ್ಷದಿಂದ ಮೂಗಿಲ್ಲ. ಈ ಚುರುಟುಗಳಲ್ಲಿ ಅವಳ ವಾಸನೆ ನಿಜವಾಗಿಯೂ ಉಳಿದಿದೆಯೇ? ಹಾರಿಹೋಗಿದ್ದರೆ? ಇಷ್ಟು ದಿನ ಬರೀ ಒಣ ಎಲೆಯ ಮುಂದೆ ನಿಂತಿದ್ದೆನೇ?

ಯಾಮಿಲಳನ್ನು ಕರೆದು ಮೂಸಿಸಿದ. "ಹ್ಞೂಂ ಅಪ್ಪಾ, ಇದೆ, ಚೆನ್ನಾಗಿ ಇದೆ" ಎಂದಳು. ಮೂಗು ಪೆಟ್ಟಿಗೆಗೆ ಇನ್ನೂ ಗೇಣು ದೂರದಲ್ಲಿತ್ತು. ಪ್ರೀತಿಯ ಮಗಳನ್ನು ಕೇಳಿ ಏನು ಪ್ರಯೋಜನ? ಚುರುಟಿನ ವಿಷಯದಲ್ಲಿ ಹೆತ್ತ ತಾಯಿಗೂ ಸುಳ್ಳು ಹೇಳದವನು ಊರಲ್ಲಿ ಒಬ್ಬನೇ ಇದ್ದ. ಅವನನ್ನು ರೆಂಬೆರ್ತೊ ಮದುವೆಗೂ ಕರೆದಿರಲಿಲ್ಲ.

ಎಂಬತ್ತನಾಲ್ಕರ ಎವೆಲಿಯೊ ಪಾರ್ಕಿನ ಆಲದ ಕೆಳಗೆ ಡಾಮಿನೊ ಆಡುತ್ತಿದ್ದ. ರೆಂಬೆರ್ತೊ ಹೋಗಿ ಒಂದು ಚುರುಟು ಪರೀಕ್ಷೆ ಮಾಡಬೇಕಿತ್ತು ಎಂದಾಗ ತಲೆಯೆತ್ತದೆ ಕೇಳಿದ: "ಐವತ್ತು ವರ್ಷ ಆದ್ಮೇಲೆ ದಾರಿ ಗೊತ್ತಾಯ್ತಾ?" ಆದರೂ ಆಟ ಬಿಟ್ಟು ಎದ್ದ. ಕೋಲೂರಿಕೊಂಡು ರೆಂಬೆರ್ತೊನ ಮನೆಯ ಮೂರು ಮಹಡಿ ಹತ್ತಿದ. ಪ್ರತಿ ಮೆಟ್ಟಿಲಿಗೂ ಒಂದು ಬೈಗುಳ.

ಯಾರ ಚುರುಟೆಂದು ಹೇಳದೆ ರೆಂಬೆರ್ತೊ ಪೆಟ್ಟಿಗೆ ತೆರೆದು ಒಂದನ್ನು ಅವನ ಕೈಗಿಟ್ಟ. ಎವೆಲಿಯೊ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಸುಕಿದ. ಸದ್ದಿಲ್ಲ, ತೇವ ಸರಿಯಿದೆ. ಉದ್ದಕ್ಕೂ ಬೆರಳಾಡಿಸಿದ. ಕೊನೆಗೆ ಮೂಗಿಗೆ ತಂದು ಕಣ್ಣು ಮುಚ್ಚಿದ. ರೆಂಬೆರ್ತೊ ಆ ಮುಖವನ್ನೇ ನೋಡುತ್ತಿದ್ದ.

ಮುದುಕನ ಹುಬ್ಬು ಗಂಟಿಕ್ಕಿತು.

"ಸುತ್ತಿರೋ ಕೈ ನಿಂದು. ಎಲೆ ಆರಿಸಿದ್ದು ಯಾರು ಅಂತ ಕೇಳಲ್ಲ" ಎಂದ. "ಥೂ, ಆ ಹುಡುಗಿ ಕೊನೇವರೆಗೂ ಬುದ್ಧಿ ಕಲೀಲಿಲ್ವಲ್ಲೋ! ಬಾಗಿಲಲ್ಲಿ ಅಷ್ಟು ದೊಡ್ಡದಾಗಿ ಬರೆಸಿದ್ದೆ!"

ಹೇಳುತ್ತಲೇ ಅವನ ಎರಡು ಹೆಬ್ಬೆರಳೂ ಚುರುಟಿನ ನಡುವಿಗೆ ಬಂದು ಕೂತವು. ಅವನು ತಂದದ್ದಲ್ಲ, ಹಳೆಯ ಅಭ್ಯಾಸಕ್ಕೆ ತಾವೇ ಬಂದವು. ಎವೆಲಿಯೊ ತನ್ನ ಬೆರಳುಗಳನ್ನು ತಾನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚುರುಟನ್ನು ಉಳಿದವುಗಳ ಪಕ್ಕದಲ್ಲಿ ಮೆಲ್ಲಗೆ ಮಲಗಿಸಿದ.

"ಪಾಸಾಗಲ್ಲ. ಒಂದೂ ಪಾಸಾಗಲ್ಲ. ಮುಚ್ಚಳ ಹಾಕೋ ದಡ್ಡ, ವಾಸನೆ ಹೋಗುತ್ತೆ."

ರೆಂಬೆರ್ತೊ ಮುಚ್ಚಳ ಹಾಕಿದ. ಅದರ ಮೇಲೆ ಎರಡೂ ಕೈ ಇಟ್ಟುಕೊಂಡು, ನಾಚಿಕೆ ಬಿಟ್ಟು ಗಳಗಳನೆ ಅತ್ತ.

"ಇನ್ನೊಂದ್ಸಲ ಹೇಳು" ಎಂದ.

"ಏನು?"

"ಪಾಸಾಗಲ್ಲ ಅಂತ."

ಎವೆಲಿಯೊ ಕುರ್ಚಿ ಎಳೆದುಕೊಂಡು ಕೂತು, ಇನ್ನೊಂದು ಸಲ ಹೇಳಿದ.