ನಲವತ್ತು ಅಂಗಿಗಳ ಕೊಳೆ

ಮಡಿವಾಳರ ಅಂದಪ್ಪ ಆ ಸಿನಿಮಾ ನಿರ್ದೇಶಕನನ್ನು ಮೊದಲು ಕಂಡದ್ದು ೧೯೭೮ರ ಚಳಿಗಾಲದ ಒಂದು ಮುಂಜಾನೆ, ಬಾದಾಮಿಯ ಅಗಸ್ತ್ಯತೀರ್ಥದ ಕೆರೆಯ ಮೆಟ್ಟಿಲ ಮೇಲೆ. ಅಂದಪ್ಪ ಮೊಣಕಾಲುಮಟ ನೀರಿನಲ್ಲಿ ನಿಂತು ಸಂಗಯ್ಯನವರ ಧೋತರವನ್ನು ಕಲ್ಲಿಗೆ ಬಡಿಯುತ್ತಿದ್ದ. ಸಂಗಯ್ಯನವರೆಂದರೆ ಮನೆಮನೆಗೆ ಪೂಜೆಗೆ ಹೋಗುವ ಅಯ್ಯನವರು. ಅವರ ಧೋತರದಲ್ಲಿ ಎಳ್ಳಿನಷ್ಟು ಕಲೆ ಉಳಿದರೂ ಅಂದಪ್ಪನಿಗೆ ಆ ದಿನ ಊಟ ಸೇರುತ್ತಿರಲಿಲ್ಲ. ಮೇಲಿನ ಮೆಟ್ಟಿಲಿಗೆ ಒಬ್ಬ ತೆಳ್ಳನೆಯ ಮನುಷ್ಯ ಬಂದು ನಿಂತ. ಹಾಲಿನಂಥ ಬಿಳಿ ಜುಬ್ಬಾ, ಕರಿ ಕನ್ನಡಕ, ಮೊಣಕಾಲಿನವರೆಗೆ ಬೂಟು. ಹಿಂದೆ ಟಾಂಗಾ ಹೊಡೆಯುವ ಮುರ್ತುಜಸಾಬ. ಬಂದವನು ಬಹಳ ಹೊತ್ತು ಧೋತರವನ್ನೇ ನೋಡಿ ಮೂರು ಸಲ ತಲೆಯಾಡಿಸಿದ. ಮೆಚ್ಚಿಕೊಂಡನೆಂದು ಅಂದಪ್ಪ ಹಿಗ್ಗಿದ.

“ನೋಡಿ, ಇದೇ ಸುಳ್ಳು,” ಎಂದ ಆತ.

ಆತನ ಹೆಸರು ಚಂದ್ರಚೂಡ. ಕುದುರೆ, ಬಂದೂಕು, ಅಗಲ ಟೋಪಿಗಳ ಚಿತ್ರ ತೆಗೆಯಲು ಬೆಂಗಳೂರಿನಿಂದ ಬಂದಿದ್ದ. ಕಂಪನಿ ಸರಕಾರದ ಗಡಿ ಮುಗಿಯುವಲ್ಲಿ ದನ ಮೇಯಿಸುವವರೂ ಹೊಲ ಉಳುವವರೂ ಹುಲ್ಲುಗಾವಲಿಗಾಗಿ ಒಬ್ಬರನ್ನೊಬ್ಬರು ಕೊಲ್ಲುವ ಕಥೆ. ಹಳೆಯ ಕುದುರೆ ಚಿತ್ರಗಳಲ್ಲಿ ನಾಯಕ ಮೂರು ದಿನ ಧೂಳಿನಲ್ಲಿ ಹೊಡೆದಾಡಿದರೂ ಕಾಲರು ಬೆಳ್ಳಗೇ ಇರುತ್ತದೆ. ಹೊರದೇಶದವರು ಈಚೆಗೆ ಆ ಸುಳ್ಳನ್ನು ಬಿಟ್ಟಿದ್ದಾರೆ, ತಾನೂ ಬಿಟ್ಟಿದ್ದೇನೆ ಎಂದ. ಕೆಂಪು ಬಂಡೆಗಳು ಬಾದಾಮಿಯಲ್ಲೇ ಇದ್ದವು. ಕುದುರೆಗಳನ್ನು ಮುರ್ತುಜಸಾಬ ಒದಗಿಸಿದ್ದ. ಅವುಗಳಿಗೆ ಊರಿಂದ ರೈಲು ಸ್ಟೇಶನ್ನಿಗೆ ಹೋಗುವ ನಡಿಗೆ ಬಿಟ್ಟು ಬೇರೆ ಓಟ ಗೊತ್ತಿರಲಿಲ್ಲ. ಇನ್ನು ಬೇಕಾದದ್ದು ಕೊಳೆ ಒಂದೇ. ಹೊಸದಾಗಿ ಹೊಲಿಸಿದ ನಲವತ್ತು ಬಿಳಿ ಅಂಗಿಗಳನ್ನು ನೋಡಿದವರು ನಂಬುವಂತೆ ಹೊಲಸು ಮಾಡಿಕೊಡಬೇಕಾಗಿತ್ತು.

ಅಂದಪ್ಪ ಮುರ್ತುಜಸಾಬನ ಕಡೆ ತಿರುಗಿದ. “ಸಾಹೇಬ್ರಿಗೆ ಆರಾಮ ಐತೇನಲೇ?”

“ಆರಾಮ ಅದಾರ. ಓದಿದವರು, ಅಷ್ಟ,” ಎಂದ ಮುರ್ತುಜಸಾಬ.

ಅಂದಪ್ಪ ಒಲ್ಲೆ ಎನ್ನುವವನೇ ಇದ್ದ. ಅಷ್ಟರಲ್ಲಿ ಚಂದ್ರಚೂಡ, ನಿಮ್ಮ ಹೆಸರು ಪರದೆಯ ಮೇಲೆ ಬರುತ್ತದೆ ಎಂದುಬಿಟ್ಟ. ರೇಷನ್ ಕಾರ್ಡು ಬಿಟ್ಟರೆ ಅಂದಪ್ಪನ ಹೆಸರನ್ನು ಯಾರೂ ಎಲ್ಲಿಯೂ ಬರೆದದ್ದಿಲ್ಲ. ಅವನು ಅಂಗಿಗಳ ಗಂಟನ್ನು ಹೆಗಲಿಗೇರಿಸಿದ.

ಯಾವ ಬಟ್ಟೆ ಬಂದರೂ ಮೊದಲು ಗುರುತು, ಆಮೇಲೆ ನೀರು ಎಂಬುದು ಅವರ ಮನೆಯ ರೂಢಿ. ಕೇರುಬೀಜದ ಕರಿ ಎಣ್ಣೆಯಿಂದ ಒಂದೊಂದು ಕಾಲರಿನ ಮಡಿಕೆಯ ಒಳಗೂ ಮೂರು ಚುಕ್ಕೆ, ಕೆಳಗೊಂದು ಗೆರೆ ಹಾಕಿದ. ಎಷ್ಟು ಒಗೆದರೂ ಹೋಗದ, ಅವರ ಮನೆಯ ಗುರುತು ಅದು. ನಂತರ ಕೊಳೆಗೆ ಕೈ ಹಚ್ಚಿದ. ಮೂವತ್ತು ವರ್ಷ ಕಲೆ ತೆಗೆದವನಿಗೆ ಕಲೆ ಹಚ್ಚುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಬಗಲಿನಲ್ಲಿ ಉಪ್ಪುನೀರು ಒಣಗಿಸಿ ಬೆವರು ಮಾಡಿದ. ಕುದುರೆಯ ಜಿಡ್ಡಿಗೆ ಬಂಡಿಯ ಕೀಲೆಣ್ಣೆ, ಹಳೇ ಧೂಳಿಗೆ ಜಾಲಿ ತೊಗಟೆಯ ನೀರು, ರಕ್ತಕ್ಕೆ ಅರಿಶಿಣ ಸುಣ್ಣ. ಚಂದ್ರಚೂಡ ಒಂದು ತೋಳನ್ನು ಮೂಸಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡ.

ಹನ್ನೆರಡು ದಿನ ಚಿತ್ರೀಕರಣ ನಡೆಯಿತು. ಸಾಯುವ ಪಾತ್ರಕ್ಕೆ ಕರೆದ ಊರವರು ಮುಂಜಾನೆ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ವಿಭೂತಿ ಧರಿಸಿ ಬರುತ್ತಿದ್ದರು. ಅವರನ್ನು ಮಣ್ಣಿನಲ್ಲಿ ಹೊರಳಾಡಿಸಬೇಕಾಗುತ್ತಿತ್ತು. ಹೊಲಕ್ಕೆ ದನ ಹೊಕ್ಕರೆ ಇಷ್ಟು ಮಂದಿ ಯಾಕೆ ಸಾಯಬೇಕು, ಪಂಚರನ್ನು ಕೂಡಿಸಿದರೆ ಮುಗಿಯಿತಲ್ಲ ಎಂದು ಅವರು ಕೇಳುತ್ತಿದ್ದರು. ನಟರು ಮುಖ ತೊಳೆದರೆ ಚಂದ್ರಚೂಡನಿಗೆ ಸಿಟ್ಟು. ತಾನು ಮಾತ್ರ ಪ್ರವಾಸಿ ಬಂಗಲೆಯಲ್ಲಿ ಎರಡು ಹೊತ್ತು ಬಿಸಿನೀರಿನ ಸ್ನಾನ ಮಾಡಿ, ದಿನಕ್ಕೆರಡು ಜುಬ್ಬಾ ಅಂದಪ್ಪನಿಗೆ ಒಗೆಯಲು ಕೊಡುತ್ತಿದ್ದ. ನೀಲಿ ಸ್ವಲ್ಪ ಹೆಚ್ಚಾಗಿರಲಿ ಎಂದು ಹೇಳಿ ಕಳಿಸುತ್ತಿದ್ದ.

ಅಂದಪ್ಪನ ಅಂಗಳದ ಹಗ್ಗದ ಮೇಲೆ ಹೊಲಸು ಅಂಗಿಗಳು ತೂಗಾಡುವುದನ್ನು ಸಂಗಯ್ಯನವರು ಒಂದು ದಿನ ನಿಂತು ನೋಡಿದರು. ಮಾರನೆಯ ದಿನದಿಂದ ಅವರ ಧೋತರ ಬರಲಿಲ್ಲ. ಇನ್ನೂ ನಾಲ್ಕು ಮನೆಗಳ ಬಟ್ಟೆ ನಿಂತಿತು. ಈ ಮನೆಯವರು ಒಗೆಯುವುದನ್ನು ಮರೆತಿದ್ದಾರೆ ಎಂದು ಬಾವಿಕಟ್ಟೆಯ ಮೇಲೆ ಮಾತಾಡುತ್ತಾರೆಂದು ಹೆಂಡತಿ ರಂಗವ್ವ ಹೇಳಿದಳು. ಹೆಸರು ಬರಲಿ ತಡಿ, ಆಗ ಎಲ್ಲರಿಗೂ ತಿಳಿಯುತ್ತದೆ ಎಂದು ಅಂದಪ್ಪ ಸಮಾಧಾನ ಹೇಳಿದ.

ಹನ್ನೊಂದನೆಯ ದಿನ, ಹೆಸರು ಹೇಗೆ ಬರುತ್ತದೆಂದು ಅವನು ಚಂದ್ರಚೂಡನನ್ನೇ ಕೇಳಿದ. ಆತ ಪುಸ್ತಕ ತೆರೆದು ಅಭಿಮಾನದಿಂದ ಓದಿದ: “ಕೊಳೆ: ಅಂದಪ್ಪ, ಬಾದಾಮಿ.”

ಅಂದಪ್ಪ ಮನಸ್ಸಿನಲ್ಲೇ ಊರುಗಳನ್ನು ಎಣಿಸಿದ. ಆ ಅಕ್ಷರಗಳು ಬಾಗಲಕೋಟೆಯಲ್ಲಿ ಬರುತ್ತವೆ, ಹುನಗುಂದದಲ್ಲಿ ಬರುತ್ತವೆ. ಇಳಕಲ್ಲಿನಲ್ಲಿ ಮಗಳ ಅತ್ತೆ ಮಾವ ಟಿಕೆಟು ತೆಗೆಸಿ ನೋಡುತ್ತಾರೆ.

“ಸಾಹೇಬ್ರ, ನಮ್ಮಪ್ಪ, ನಮ್ಮ ಮುತ್ಯಾ ಬೆಳ್ಳಗ ಮಾಡೇ ಸತ್ತಾರ್ರಿ. ಬಟ್ಟಿ ಅಂತ ಹಾಕ್ರಿ.”

“ಬಟ್ಟೆ ಹೊಲಿದವನು ಬೇರೆ. ನೀವು ಮಾಡಿದ್ದು ಕೊಳೆ. ವಾಸ್ತವ ಬಿಟ್ಟು ನಾನು ಒಂದಕ್ಷರ ಬರೆಯುವವನಲ್ಲ.”

ಮಾರನೆಯ ದಿನ ಕಡೆಯ ಕಾಳಗದ ದೃಶ್ಯ. ಬೆಳಕು ಹರಿಯುವ ಮೊದಲೇ ಅಂದಪ್ಪ ನಲವತ್ತೂ ಅಂಗಿಗಳನ್ನು ಕೆರೆಗೆ ಹೊತ್ತುಕೊಂಡು ಹೋದ. ಯಾಕೆಂದು ಕೇಳದೆ ರಂಗವ್ವ ಸೋಡಾ, ಸವಳುಮಣ್ಣು, ಹಂಡೆ ತಂದು ಒಲೆ ಹೂಡಿದಳು. ಹತ್ತು ಗಂಟೆಗೆ ಕೆಂಪು ಬಂಡೆಗಳ ಮೇಲೆ ಬೆಳ್ಳಕ್ಕಿಯ ಹಿಂಡು ಇಳಿದಂತೆ ಅಂಗಿಗಳು ಒಣಗುತ್ತಿದ್ದವು.

ಚಂದ್ರಚೂಡ ಬಂದು ನೋಡಿ, ಏನು ಮಾಡಿದಿರಿ ಎಂದು ಸಣ್ಣ ದನಿಯಲ್ಲಿ ಕೇಳಿದ.

“ನನ್ನ ಕೆಲಸ ಮಾಡೇನ್ರಿ,” ಎಂದ ಅಂದಪ್ಪ.

ನಾಯಕನ ರೈಲು ಸಂಜೆಗಿತ್ತು. ಕುದುರೆಗಳು ನಾಳೆ ಮದುವೆಯ ಟಾಂಗಾಕ್ಕೆ ಹೋಗಬೇಕಿತ್ತು. ಮತ್ತೆ ಕೊಳೆ ಮಾಡಲು ಹೊತ್ತಿರಲಿಲ್ಲ. ಚಂದ್ರಚೂಡ ಪುಸ್ತಕ ತೆರೆದು ಅಂದಪ್ಪನ ಹೆಸರಿನ ಮೇಲೆ ಗೆರೆ ಎಳೆದ. ಪೆನ್ಸಿಲು ಆ ತುದಿ ಮುಟ್ಟುವವರೆಗೆ ಅಂದಪ್ಪ ನೋಡುತ್ತ ನಿಂತ. ಅಂದು ಗಡಿಯ ಕೊಲೆಗಡುಕರೆಲ್ಲ ಇಸ್ತ್ರಿ ಅಂಗಿಯಲ್ಲೇ ಸತ್ತರು. ಆ ಚಿತ್ರದಲ್ಲಿ ಮೂರನೆಯ ಸಲ ಸಾಯುತ್ತಿದ್ದ ಮುರ್ತುಜಸಾಬ ಗುಂಡು ತಗುಲಿದ ಮೇಲೆ ಅತ್ತಿತ್ತ ನೋಡಿ, ಸ್ವಚ್ಛವಾದ ಬಂಡೆ ಆರಿಸಿ, ಮೆಲ್ಲಗೆ ಒರಗಿದ. ಒಗೆದವನ ಕಷ್ಟ ಗೊತ್ತಿದ್ದೂ ಮಣ್ಣಿನಲ್ಲಿ ಬೀಳಲು ಮನಸ್ಸು ಬರಲಿಲ್ಲವೆಂದು ಆಮೇಲೆ ಹೇಳಿದ.

ಎರಡು ವರ್ಷಕ್ಕೆ ಚಿತ್ರ ಬಾಗಲಕೋಟೆಗೆ ಬಂತು. ಅಷ್ಟರಲ್ಲಿ ಬೆಂಗಳೂರಿನ ಪತ್ರಿಕೆಯೊಂದು, ಕಡೆಯ ದೃಶ್ಯದ ಬಿಳುಪು ಹಿಂಸೆಯ ನಂತರದ ಆತ್ಮಶುದ್ಧಿಯ ಸಂಕೇತವೆಂದು ಬರೆದಿತ್ತು. ಈ ಒಂದು ಸಂಕೇತಕ್ಕಾಗಿ ಮೂರು ವರ್ಷ ಚಿಂತಿಸಿದ್ದೆನೆಂದು ಚಂದ್ರಚೂಡ ಒಪ್ಪಿಕೊಂಡಿದ್ದ.

ಅಂದಪ್ಪ ರಂಗವ್ವನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತ. ಹೆಸರುಗಳು ಮುಗಿದವು, ಅವನದು ಬರಲಿಲ್ಲ. ಉಸಿರು ಬಿಟ್ಟು, ಆದರೂ ಪರದೆಯ ಕೆಳಗಿನ ಮೂಲೆಯವರೆಗೂ ಒಮ್ಮೆ ಕಣ್ಣಾಡಿಸಿದ. ಚಿತ್ರದ ಕೊನೆಗೆ ನಾಯಕ ಗಾಳಿಗೆ ಕಾಲರು ಎತ್ತಿ ನಿಲ್ಲಿಸಿದ. ಮುಖ ಪರದೆ ತುಂಬಿತು. ಕಿವಿಯ ಕೆಳಗೆ ಬೀಸುಕಲ್ಲಿನಷ್ಟು ದೊಡ್ಡ ಮೂರು ಚುಕ್ಕೆ, ಕೆಳಗೊಂದು ಗೆರೆ.

ರಂಗವ್ವ ಅವನ ರಟ್ಟೆ ಹಿಡಿದಳು. “ನಮ್ಮನಿ ಗುರುತಲ್ಲೇನು ಅದು?”

ಅಂದಪ್ಪ ಕಾಲರನ್ನು ಕಣ್ಣು ಕಿರಿದು ಮಾಡಿ ನೋಡಿದ. “ಹೂಂ. ನೀಲಿ ತುಸು ಹೆಚ್ಚಾತು.”

ಅದಾಗಿ ಹತ್ತು ವರ್ಷ, ಅವನಿಗೆ ಈಗ ಐವತ್ತೈದು. ಬಾದಾಮಿಯ ಬಸ್ ನಿಲ್ದಾಣದ ಎದುರು ಇಸ್ತ್ರಿ ಅಂಗಡಿ ನಡೆಸುತ್ತಾನೆ. ಸಂಗಯ್ಯನವರ ಧೋತರ ಮರಳಿ ಬಂದಿದೆ. ಅದನ್ನು ಮಾತ್ರ ಕೆರೆಗೆ ಒಯ್ದು ತಾನೇ ಒಗೆಯುತ್ತಾನೆ.